ಪ್ರಾಗ್‌ನಲ್ಲಿ ಒಂದು ಗಂಟೆ ಜಾಸ್ತಿ

ತಿಪಟೂರಿನಲ್ಲಿ ಮೂವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಕೆಲವು ಸಲ ಹೆಣದ ಫೋಟೋ ಕೂಡ. ಈಗ ಅಂಗಡಿ ತಮ್ಮನ ಮಗನ ಕೈಲಿದೆ. ಮಗಳು ಜರ್ಮನಿಯ ಡ್ರೆಸ್ಡನ್‌ನಲ್ಲಿ ಓದುತ್ತಿದ್ದಾಳೆ. ಕಳೆದ ಅಕ್ಟೋಬರ್‌ನಲ್ಲಿ ಅವಳನ್ನು ನೋಡಲು ಹೋದಾಗ, "ಅಪ್ಪಾ, ಎಲ್ಲಿಗೆ ಹೋಗೋಣ ಹೇಳು, ಪ್ಯಾರಿಸ್ಸಾ, ಸ್ವಿಟ್ಜರ್‌ಲ್ಯಾಂಡಾ?" ಅಂದಳು. ನಾನು ಪ್ರಾಗ್ ಅಂದೆ. ಯಾಕೆ ಅಂದಳು. ಅಲ್ಲಿ ಒಬ್ಬ ಒಂದು ಕೈಯಿನ ಫೋಟೋಗ್ರಾಫರ್ ಇದ್ದ ಅಂದೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಬ್ಬ ಮೇಷ್ಟ್ರು ಒಂದು ಹಳೇ ಫೋಟೋ ಪತ್ರಿಕೆ ಕೊಟ್ಟಿದ್ದರು. ಅದರಲ್ಲೊಂದು ಚಿತ್ರ. ಕಿಟಕಿ ಕಟ್ಟೆ ಮೇಲೆ ನೀರಿನ ಲೋಟ, ಅದರಲ್ಲಿ ಗುಲಾಬಿ, ಹಿಂದೆ ಹಬೆ ಕಟ್ಟಿದ ಗಾಜು. ಅಷ್ಟೇ. ಕೆಳಗೆ ಯೋಸೆಫ್ ಸುಡೆಕ್ ಅಂತ ಹೆಸರು. ಬಲಗೈ ಇಲ್ಲದವನು ಅಂತ ಒಂದು ಸಾಲು. ಹಳೇ ದೊಡ್ಡ ಕ್ಯಾಮೆರಾಗಳಿಗೆ ನೆಗೆಟಿವ್ ತುಂಬುವ ಚೌಕಟ್ಟು, ಪ್ಲೇಟ್ ಹೋಲ್ಡರ್, ಮುಟ್ಟಿದವರಿಗೆ ಗೊತ್ತು, ಎರಡು ಕೈಯಿದ್ದರೂ ಅದು ತಲೆನೋವಿನ ಕೆಲಸ. ಒಂದೇ ಕೈಯಲ್ಲಿ ಹೇಗೆ ಮಾಡಿದ ಅನ್ನೋದು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿತ್ತು.

ಶನಿವಾರ

ಡ್ರೆಸ್ಡನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯೂ ಆಗುವುದಿಲ್ಲ. ಎಲ್ಬೆ ನದಿ ಪಕ್ಕದಲ್ಲೇ ಬರುತ್ತದೆ. ಹೋಗುವವರು ನದಿ ಇರುವ ಕಡೆ ಸೀಟು ಹಿಡಿಯಿರಿ, ನಾವು ಉಲ್ಟಾ ಕಡೆ ಕೂತು ಬಂಡೆ ನೋಡಿಕೊಂಡು ಬಂದೆವು. ಗಡಿ ದಾಟಿ ಚೆಕ್ ದೇಶಕ್ಕೆ ಬಂದದ್ದು ಗೊತ್ತೇ ಆಗಲಿಲ್ಲ. ಸ್ಟೇಷನ್ ಹೆಸರುಗಳ ಅಕ್ಷರದ ಮೇಲೆ ಚಿಕ್ಕ ಚಿಕ್ಕ ಕೊಂಬು ಬಂದವು, ಅಷ್ಟೇ.

ರೂಮು ಮಲಾ ಸ್ಟ್ರಾನಾ ಅನ್ನೋ ಹಳೇ ಪೇಟೆಯಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಸುಡೆಕ್ ತನ್ನ ಕೆಲಸವನ್ನೆಲ್ಲ ಹೆಚ್ಚುಕಮ್ಮಿ ಇದೇ ಸುತ್ತಿನಲ್ಲಿ ಮಾಡಿದ್ದು ಅಂತ ಹಟ ಮಾಡಿ ಇಲ್ಲೇ ಹಿಡಿಸಿದ್ದೆ. ಮೆಟ್ಟಿಲು ಹತ್ತುವಾಗ ಮಗಳು ಒಂದು ಮಾತೂ ಆಡಲಿಲ್ಲ. ಅದೇ ಬೈಗುಳ.

ರಾತ್ರಿ ಊಟಕ್ಕೆ ಹೋದರೆ ಸಸ್ಯಾಹಾರಿಗೆ ಗತಿ ಒಂದೇ, ಕರಿದ ಚೀಸು. ದಪ್ಪ ತುಂಡಿಗೆ ರಸ್ಕಿನ ಪುಡಿ ಹಚ್ಚಿ ಎಣ್ಣೆಯಲ್ಲಿ ಬಿಟ್ಟಿರುತ್ತಾರೆ, ಪಕ್ಕದಲ್ಲಿ ಆಲೂಗಡ್ಡೆ. ಬೆಳ್ಳುಳ್ಳಿ ಸೂಪು ಕೂಡ ಇತ್ತು. ಅದಕ್ಕೆ ಮಾಂಸದ ನೀರು ಹಾಕಿರುವುದು ಉಂಟು, ಹಾಗಾಗಿ "ಬೆಜ್ ಮಸಾ" ಅಂತ ಮೊದಲೇ ಕೇಳಬೇಕು, ಮಾಂಸ ಇಲ್ಲದ್ದು ಅಂತ ಅರ್ಥ. ಚೆಕ್ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಅದು.

ಭಾನುವಾರ

ಸುಡೆಕ್‌ನ ಸ್ಟುಡಿಯೋ ಊಯೆಜ್ದ್ ಬೀದಿಯಲ್ಲಿ, 30ನೇ ನಂಬರು. ಮಧ್ಯಾಹ್ನ ಹನ್ನೆರಡಕ್ಕೆ ತೆಗೆಯುತ್ತಾರೆ ಅಂತ ಮಗಳು ನೋಡಿಟ್ಟಿದ್ದಳು. ಅವಳು ಎದ್ದಿರಲಿಲ್ಲ. "ನೀನು ಹೋಗಿರು, ಹನ್ನೆರಡಕ್ಕೆ ಅಲ್ಲೇ ಸಿಗ್ತೀನಿ" ಅಂತ ಹೊದಿಕೆ ಒಳಗಿಂದಲೇ ಹೇಳಿದಳು. ಫೋನು ಚಾರ್ಜಿಗೆ ಹಾಕಿ, ಕೈಗೆ ಎಚ್‌ಎಂಟಿ ಕಟ್ಟಿಕೊಂಡು, ಕೊರಳಿಗೆ ನನ್ನ ಹಳೇ ಯಾಶಿಕಾ ಹಾಕಿಕೊಂಡು ಹೊರಟೆ. ಡಬ್ಬಿಯಂಥ ಕ್ಯಾಮೆರಾ, ಮೇಲಿಂದ ಬಗ್ಗಿ ನೋಡುವುದು, 120 ಫಿಲ್ಮು. ಬೆಂಗಳೂರು ಏರ್‌ಪೋರ್ಟಿನಲ್ಲಿ ರೋಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಲಿ ಹಿಡಿದು, ಇವನ್ನು ಎಕ್ಸ್‌ರೇಗೆ ಹಾಕಬೇಡಿ ಅಂತ ಕೇಳಿಕೊಂಡಿದ್ದೆ. ಕೈಯಲ್ಲೇ ನೋಡಿ ಬಿಟ್ಟಿದ್ದರು. ಫಿಲ್ಮ್ ಒಯ್ಯುವವರು ಬ್ಯಾಗಿನೊಳಗೆ ಇಡಬೇಡಿ.

30ನೇ ನಂಬರಿನ ಮನೆ ಸುಮ್ನೆ ಒಂದು ದೊಡ್ಡ ವಠಾರ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬಾಗಿಲು ದಾಟಿ, ಓಣಿಯಂಥ ಜಾಗ ದಾಟಿದರೆ ಹಿತ್ತಲು. ನಾಲ್ಕೂ ಕಡೆ ಎತ್ತರದ ಮನೆಗಳ ಬೆನ್ನು, ನಡುವೆ ಒಂದು ಸಣ್ಣ ಮರದ ಮನೆ. ನಮ್ಮ ಕಡೆ ತೋಟದ ಮನೆ ಇರುತ್ತಲ್ಲ, ಅಷ್ಟು. ಬಾಗಿಲು ಹಾಕಿತ್ತು. ವಾಚು ನೋಡಿದೆ, ಹನ್ನೆರಡಕ್ಕೆ ಐದು ನಿಮಿಷ. ಕಾದೆ. ಹನ್ನೆರಡೂಕಾಲು. ಹನ್ನೆರಡೂವರೆ. ಮಗಳೂ ಇಲ್ಲ, ಬಾಗಿಲೂ ಇಲ್ಲ.

ಬೇರೆ ಕೆಲಸ ಇಲ್ಲದ್ದರಿಂದ ಬೆಳಕು ನೋಡುತ್ತಾ ಕೂತೆ. ಹಿತ್ತಲಿಗೆ ಬಿಸಿಲು ನೇರ ಬರುತ್ತಿರಲಿಲ್ಲ. ಎದುರು ಮನೆಯ ಮೇಲಿನ ಕಿಟಕಿಗೆ ಬಿದ್ದು, ಅಲ್ಲಿಂದ ಈ ಕಡೆ ಗೋಡೆಗೆ ಹಾರಿ, ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಮೊದಲು ಹಂಚು, ಆಮೇಲೆ ತಗಡಿನ ದೋಣಿ, ಆಮೇಲೆ ಮರದ ಹಲಗೆ. ಹಲಗೆಯ ಸೀಳೊಂದು ಅಷ್ಟು ಹೊತ್ತು ಕಾಣಿಸದೇ ಇದ್ದದ್ದು ಇದ್ದಕ್ಕಿದ್ದಂತೆ ಎದ್ದು ನಿಂತಿತು. ಒಂದು ನಿಮಿಷಕ್ಕೆ ಹೋಯಿತು. ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಹೋಗಿಯೇ ಬಿಟ್ಟಿತ್ತು. ಸುಡೆಕ್ 1940ರಿಂದ 1954ರವರೆಗೆ ಈ ಮನೆಯ ಕಿಟಕಿಯಿಂದಲೇ ಮತ್ತೆ ಮತ್ತೆ ಫೋಟೋ ತೆಗೆದ. ಮೊದಲ ವರ್ಷಗಳಲ್ಲಿ ಊರು ನಾಜಿಗಳ ಕೈಲಿತ್ತು. ಕ್ಯಾಮೆರಾ ಹೊತ್ತು ಬೀದಿಯಲ್ಲಿ ನಿಂತರೆ ಅನುಮಾನ. ಒಂದೇ ಕಿಟಕಿಯಲ್ಲಿ ಹದಿನಾಲ್ಕು ವರ್ಷ ಏನು ನೋಡಿದನಪ್ಪಾ ಅನ್ನುತ್ತಿದ್ದೆ. ಆ ಸೀಳು ನೋಡಿದ ಮೇಲೆ ಹಾಗನ್ನಲಿಲ್ಲ.

ಅಷ್ಟರಲ್ಲಿ ಮೇಲಿನ ಮನೆಯ ಹೆಂಗಸೊಬ್ಬರು ಹಾಸಿಗೆಯ ದಪ್ಪ ಹೊದಿಕೆಯನ್ನು ಕಿಟಕಿಗೆ ನೇತುಹಾಕಲು ಬಂದರು. ನನ್ನನ್ನು ನೋಡಿ ಏನೋ ಕೇಳಿದರು. ನಾನು ವಾಚು ತೋರಿಸಿ, ಬಾಗಿಲು ತೋರಿಸಿ, ಕೈ ಅಲ್ಲಾಡಿಸಿದೆ. ಅವರು ನಕ್ಕು, ತಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಸುತ್ತಿದರು. ತಿರುಪು ಸಡಿಲವಾಗಿದೆ ಅಂತಿದಾರಾ ಅಂದುಕೊಂಡೆ. ಸಿಟ್ಟೂ ಬಂತು. ಹೋಗಲಿ ಅಂತ ಅವರ ಹೊದಿಕೆ ನೇತಾಡುತ್ತಿದ್ದದ್ದನ್ನೇ ಒಂದು ಫೋಟೋ ತೆಗೆದೆ.

ಮಗಳು ಬಂದಾಗ ನನ್ನ ವಾಚಿನಲ್ಲಿ ಒಂದು ಗಂಟೆ. "ಅಪ್ಪಾ, ನಿನ್ನೆ ರಾತ್ರಿಯಿಂದ ಗಡಿಯಾರ ಒಂದು ಗಂಟೆ ಹಿಂದೆ ಹೋಗಿದೆ, ಹೇಳೋದೇ ಮರೆತೆ" ಅಂದಳು. ಅಕ್ಟೋಬರಿನ ಕೊನೇ ಭಾನುವಾರ ಯುರೋಪಿನ ಬಹುತೇಕ ಕಡೆ ಹೀಗೆ ಮಾಡುತ್ತಾರಂತೆ. ಕೀ ಕೊಡುವ ವಾಚು ಕಟ್ಟಿಕೊಂಡು ಆ ವಾರ ಹೋಗುವವರಿದ್ದರೆ ನೆನಪಿಡಿ. ಆ ತಾಯಿ ಹೇಳಿದ್ದು ಅದನ್ನೇ.

ಸರಿಯಾಗಿ ಹನ್ನೆರಡಕ್ಕೆ ಬಾಗಿಲು ತೆರೆಯಿತು. ಇದು ಅಸಲಿ ಮನೆಯಲ್ಲ. ಸುಡೆಕ್ 1927ರಲ್ಲಿ ಹಿಡಿದಿದ್ದ ಸ್ಟುಡಿಯೋಗೆ ಆತ ತೀರಿಕೊಂಡ ಮೇಲೆ ಬೆಂಕಿ ಬಿದ್ದು, ಈಗಿರುವುದು 2000ದಲ್ಲಿ ಅದೇ ಜಾಗದಲ್ಲಿ ಅದೇ ಅಳತೆಗೆ ಕಟ್ಟಿದ್ದು. ಒಳಗೆ ಬೇರೆ ಯಾರದೋ ಫೋಟೋ ಪ್ರದರ್ಶನ ನಡೆಯುತ್ತಿತ್ತು. "ನಿನ್ನ ಸುಡೆಕ್ ಅಜ್ಜಂದು ಒಂದೂ ಇಲ್ವಲ್ಲಪ್ಪಾ" ಅಂದಳು ಮಗಳು. ಅವತ್ತಿನಿಂದ ಆತ ನಮ್ಮಿಬ್ಬರಿಗೂ ಅಜ್ಜನೇ. ಅಜ್ಜನನ್ನು ಬಹುವಚನದಲ್ಲಿ ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಒಂದು ದೊಡ್ಡ ಕೋಣೆ, ಪಕ್ಕಕ್ಕೆ ಚಿಕ್ಕವು. ಅಜ್ಜ ಇದ್ದಾಗ ಇದರೊಳಗೆ ಕಾಲಿಡಲು ಜಾಗ ಇರಲಿಲ್ಲವಂತೆ. ಕಾಗದ, ಡಬ್ಬಿ, ದಾರ, ಗ್ರಾಮಫೋನ್ ತಟ್ಟೆಗಳ ರಾಶಿ. ಕೊನೆಗೆ ಆ ರಾಶಿಯನ್ನೇ ಫೋಟೋ ತೆಗೆದು "ಚಕ್ರವ್ಯೂಹ" ಅನ್ನೋ ಅರ್ಥದ ಹೆಸರಿಟ್ಟ. ನನ್ನ ಹೆಂಡತಿ ನನ್ನ ಡಾರ್ಕ್‌ರೂಮಿಗೆ ಇಟ್ಟ ಹೆಸರು ಇದಕ್ಕಿಂತ ಕೆಟ್ಟದಾಗಿತ್ತು.

ಸೋಮವಾರ

ಗುಡ್ಡದ ಮೇಲಿನ ಅರಮನೆಗೆ 22ನೇ ನಂಬರ್ ಟ್ರಾಮ್ ಹಿಡಿದರೆ ಹತ್ತುವ ಕಷ್ಟ ಇಲ್ಲ. ಟಿಕೆಟ್ ಕೊಂಡರೆ ಸಾಲದು, ಟ್ರಾಮಿನೊಳಗಿನ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ನಾನು ಟಿಕೆಟ್ಟನ್ನು ಜೇಬಿಗಿಟ್ಟು ರಾಜನ ಹಾಗೆ ಕೂತಿದ್ದೆ. ಎದುರಿನ ಹುಡುಗನೇ ಎದ್ದು ಬಂದು ಒತ್ತಿಸಿಕೊಟ್ಟ.

ಅರಮನೆಯ ಆವರಣದಲ್ಲೇ ಇರುವ ಸೇಂಟ್ ವೀಟಸ್ ಚರ್ಚಿನ ಕೆಲಸ ಶುರುವಾದದ್ದು 1344ರಲ್ಲಿ. ಮುಗಿದದ್ದು 1929ರಲ್ಲಿ. ನಮ್ಮಲ್ಲಿ ಬಸ್‌ಸ್ಟ್ಯಾಂಡ್ ಕಟ್ಟಲು ಹತ್ತು ವರ್ಷ ಆಯಿತು ಅಂತ ಬೈದುಕೊಳ್ಳುತ್ತೇವೆ, ಇರಲಿ. ಅಜ್ಜ 1924ರಿಂದ 1928ರವರೆಗೆ ಇಲ್ಲಿಗೆ ಬರುತ್ತಿದ್ದ. ಆಗ ಒಳಗೆಲ್ಲ ಕಲ್ಲು, ಹಗ್ಗ, ಕೈಗಾಡಿ, ಮರಳು. ಬೇರೆ ಫೋಟೋಗ್ರಾಫರ್ ಆಗಿದ್ದರೆ ಇವನ್ನೆಲ್ಲ ತೆಗೆಸಿ, ಗುಡಿಸಿಸಿ, ಚರ್ಚಿನ ಫೋಟೋ ತೆಗೆಯುತ್ತಿದ್ದ. ಈತ ಆ ಸಾಮಾನಿನ ಮೇಲೆ ಬಿದ್ದ ಬೆಳಕನ್ನೇ ತೆಗೆದ. ಗೂಡೆಯ ಮೇಲೆ ಬಿಸಿಲು ಬಿದ್ದರೆ ಅದೂ ದೇವರ ವಿಗ್ರಹದಂತೆ ಕಾಣುತ್ತದೆ ಆ ಚಿತ್ರಗಳಲ್ಲಿ. 1928ರಲ್ಲಿ, ಚೆಕೊಸ್ಲೊವಾಕಿಯಾ ಹುಟ್ಟಿ ಹತ್ತು ವರ್ಷ ತುಂಬಿದಾಗ, ಹದಿನೈದು ಚಿತ್ರಗಳ ಒಂದು ಕಟ್ಟು ಹೊರಬಂತು. 120 ಪ್ರತಿ ಅಷ್ಟೇ.

ನಾವು ಹೋದಾಗ ಒಳಗೆ ಜಾತ್ರೆ. ಬಣ್ಣದ ಗಾಜಿನಿಂದ ಬಿದ್ದ ಬೆಳಕು ಕಂಬದ ಮೇಲೆ ಹರಡಿತ್ತು, ಎಲ್ಲರೂ ಅದರ ಮುಂದೆ ನಿಂತು ಸೆಲ್ಫಿ. ನಾನು ಒಂದು ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಹಿಡಿದು, ಶಟರನ್ನು ಕಾಲು ಸೆಕೆಂಡಿಗಿಟ್ಟು ಎರಡು ತೆಗೆದೆ. ಒಂದು ಅಲ್ಲಾಡಿರುತ್ತದೆ ಅಂತ ಆಗಲೇ ಗೊತ್ತಾಯಿತು. ಬೆರಳಿಗೆ ಗೊತ್ತಾಗುತ್ತದೆ ಅದು.

ಅಜ್ಜನಿಗೆ ಸೋನ್ಯಾ ಬುಲಾಟಿ ಅಂತ ಒಬ್ಬ ಹುಡುಗಿ ಸಹಾಯಕ್ಕಿದ್ದಳು. ನಾಜಿ ಶಿಬಿರಗಳಿಂದ ಬದುಕಿ ಬಂದವಳು, ಮುಂದೆ ತಾನೂ ಅಮೆರಿಕದಲ್ಲಿ ದೊಡ್ಡ ಫೋಟೋಗ್ರಾಫರ್ ಆದಳು. ಅವಳು ಬರೆದಿಟ್ಟ ಒಂದು ಪ್ರಸಂಗ ಇದೆ. ಇದೇ ಚರ್ಚಿನ ಕೆಳಗಿನ ಹಳೇ ಕತ್ತಲೆ ಹಜಾರದಲ್ಲಿ ಕ್ಯಾಮೆರಾ ಹೂಡಿ ಇಬ್ಬರೂ ನೆಲದ ಮೇಲೆ ಕೂತು ಮಾತಾಡುತ್ತಿದ್ದರಂತೆ. ಇದ್ದಕ್ಕಿದ್ದಂತೆ ಅಜ್ಜ ಚಂಗನೆ ಎದ್ದ. ಒಂದು ಬಿಸಿಲುಕೋಲು ಒಳಗೆ ಬಂದಿತ್ತು. ಇಬ್ಬರೂ ಬಟ್ಟೆ ಬೀಸಿ ಬೀಸಿ ಹಳೇ ಧೂಳೆಬ್ಬಿಸಿದರು, ಬೆಳಕು ಕಾಣಲಿ ಅಂತ. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಅಲ್ಲಿಗೆ ಬಿಸಿಲು ಬರುತ್ತದೆ ಅಂತ ಆತನಿಗೆ ಮೊದಲೇ ಗೊತ್ತಿದ್ದಿರಬೇಕು ಅನ್ನುತ್ತಾಳೆ. ಬೆಳಗ್ಗೆ ಅಂಗಡಿ ಗುಡಿಸುವಾಗ ಹಂಚಿನ ಸಂದಿಯಿಂದ ಬರುವ ಕೋಲನ್ನು ನಾನೂ ಮೂವತ್ತೆರಡು ವರ್ಷ ನೋಡಿದ್ದೇನೆ. ನೀರು ಚಿಮುಕಿಸಿ ಧೂಳು ಕೂರಿಸುವುದೇ ನನ್ನ ಕೆಲಸವಾಗಿತ್ತು.

ವಾಪಸ್ ಊವೋಜ್ ಅನ್ನೋ ಇಳಿಜಾರು ಬೀದಿಯಲ್ಲಿ ನಡೆದು ಬಂದೆವು. ಅಲ್ಲಿ 24ನೇ ನಂಬರಿನಲ್ಲಿ ಅಜ್ಜ 1959ರಿಂದ ಇದ್ದ ಮನೆಯಿದೆ, ಈಗ ಗ್ಯಾಲರಿ. ಸೋಮವಾರ ಬಾಗಿಲು ಹಾಕಿತ್ತು. ನನ್ನ ಯೋಜನೆ ಅಷ್ಟು ಚೆನ್ನಾಗಿತ್ತು. ಈ ಕಡೆ ಸೋಮವಾರ ಬಹಳ ಮ್ಯೂಸಿಯಂಗಳಿಗೆ ರಜ ಅಂತ ಆಮೇಲೆ ಗೊತ್ತಾಯಿತು. ಎದುರಿನ ಗೋಡೆಗೆ ಒರಗಿ ನಿಂತರೆ ಪೆಟ್ರಿನ್ ಗುಡ್ಡದ ಹಣ್ಣಿನ ತೋಟ, ಕೆಳಗೆ ಕೆಂಪು ಹಂಚಿನ ಊರು. ಇಡೀ ಪ್ರಾಗನ್ನು ಅಜ್ಜ ಒಂದು ಹಳೇ ಕೊಡಕ್ ಪನೋರಮಾ ಕ್ಯಾಮೆರಾದಲ್ಲಿ ಉದ್ದುದ್ದಕ್ಕೆ ತೆಗೆದ. ನೆಗೆಟಿವ್ ಹತ್ತು ಸೆಂಟಿಮೀಟರ್ ಎತ್ತರ, ಮೂವತ್ತು ಅಗಲ. ಅಂಥ 284 ಚಿತ್ರಗಳ ಪುಸ್ತಕ 1959ರಲ್ಲಿ ಬಂತು. ಸಂಜೆ ಐದಾಗುವ ಮೊದಲೇ ಸೂರ್ಯ ಮುಳುಗಿದ. ನಿನ್ನೆ ಸಿಕ್ಕ ಗಂಟೆಯನ್ನು ಸಂಜೆ ಕಡೆಯಿಂದ ವಸೂಲು ಮಾಡಿಕೊಳ್ಳುತ್ತಾರೆ ನೋಡಿ.

ಮಂಗಳವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಅಕ್ಟೋಬರ್ 28 ಅವರ ರಾಷ್ಟ್ರೀಯ ಹಬ್ಬ, 1918ರಲ್ಲಿ ದೇಶ ಹುಟ್ಟಿದ ದಿನ. ಟ್ರಾಮುಗಳ ತಲೆಯ ಮೇಲೂ ಪುಟ್ಟ ಬಾವುಟ. ದೊಡ್ಡ ಅಂಗಡಿಗಳೆಲ್ಲ ಬಂದ್, ಹಾಲು ಬ್ರೆಡ್ಡು ಹಿಂದಿನ ದಿನವೇ ತಂದಿಟ್ಟುಕೊಂಡಿದ್ದು ಒಳ್ಳೆಯದಾಯಿತು.

ಮೆಟ್ರೋದಲ್ಲಿ ಇನ್ವಾಲಿಡೋವ್ನಾ ಸ್ಟೇಷನ್ನಿಗೆ ಹೋದೆವು. ಕಾರ್ಲೀನ್ ಅನ್ನೋ ಕಡೆ, ಗಾಯಾಳು ಸೈನಿಕರಿಗಾಗಿ 1730ರ ದಶಕದಲ್ಲಿ ಕಟ್ಟಿದ ಭಾರಿ ಕಟ್ಟಡ. ಒಂಬತ್ತು ಅಂಗಳ ಕಟ್ಟಬೇಕಿತ್ತಂತೆ, ಕಟ್ಟಿದ್ದು ಒಂದೇ. ಆ ಒಂದೇ ಇಷ್ಟು ದೊಡ್ಡದು. ನಾವು ಹೊರಗಿನಿಂದಲೇ ಸುತ್ತು ಹಾಕಿದೆವು.

ಸುಡೆಕ್ ಮೊದಲು ಪುಸ್ತಕ ಬೈಂಡಿಂಗ್ ಕಲಿತವನು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಸೈನ್ಯಕ್ಕೆ ಸೇರಿಸಿ ಇಟಲಿ ಗಡಿಗೆ ಕಳಿಸಿದರು. 1917ರಲ್ಲಿ ತಮ್ಮದೇ ಕಡೆಯ ಫಿರಂಗಿ ಚೂರು ಬಲಗೈಗೆ ಬಿತ್ತು. ಗಾಯ ಕೊಳೆತು, ಕೊನೆಗೆ ಭುಜದವರೆಗೆ ಕೈ ತೆಗೆದರು. ವಯಸ್ಸು ಇಪ್ಪತ್ತೊಂದು. ಒಂದು ಕೈಯಲ್ಲಿ ಬೈಂಡಿಂಗ್ ಆಗುವುದಿಲ್ಲ. ಮೂರು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ. ಆಮೇಲೆ ಈ ಇನ್ವಾಲಿಡೋವ್ನಾ. ಇಲ್ಲಿದ್ದ ತನ್ನಂಥವರ ಫೋಟೋಗಳನ್ನು 1922ರಿಂದ ತೆಗೆದ. ಹಬೆಯಂಥ ಬೆಳಕಿನಲ್ಲಿ ಬೆಂಚಿನ ಮೇಲೆ ಕೂತ ಗಂಡಸರು. ಗಾಯ ಹುಡುಕಿದರೂ ಬೇಗ ಸಿಗುವುದಿಲ್ಲ ಆ ಚಿತ್ರಗಳಲ್ಲಿ.

ಕಟ್ಟಡದ ಹತ್ತಿರ ಮರದ ಕೆಳಗೆ ಒಂದು ಬೆಂಚಿತ್ತು. ಕ್ಯಾಮೆರಾದಲ್ಲಿ ರೋಲು ಮುಗಿದಿತ್ತು. ನನಗೇನನ್ನಿಸಿತೋ, ಬಲಗೈಯನ್ನು ಜರ್ಕಿನ್ ಒಳಗೆ ಸೇರಿಸಿ, ಜಿಪ್ ಎಳೆದು, ಎಡಗೈಯೊಂದರಲ್ಲೇ ಹೊಸ ರೋಲು ಹಾಕಲು ಕೂತೆ. ಕ್ಯಾಮೆರಾ ತೊಡೆ ಮೇಲೆ. ಹಿಂದಿನ ಬಾಗಿಲು ಬಿಚ್ಚಿದ್ದಾಯಿತು. ಮುಗಿದ ರೋಲು ತೆಗೆದು ತುಟಿಯಲ್ಲಿ ಕಚ್ಚಿಕೊಂಡು ಅದರ ಅಂಟುಪಟ್ಟಿ ನೆಕ್ಕಿ ಅಂಟಿಸಿದೆ. ಇಲ್ಲಿಯವರೆಗೆ ಪಾಸು. ಹೊಸ ರೋಲಿನ ಕಾಗದದ ತುದಿಯನ್ನು ಎದುರಿನ ಸ್ಪೂಲಿನ ಸೀಳಿಗೆ ತೂರಿಸಬೇಕು. ತೂರಿಸುವಾಗ ಈ ಕಡೆ ಒತ್ತಿ ಹಿಡಿಯಲು ಇನ್ನೊಂದು ಹೆಬ್ಬೆರಳು ಬೇಕು. ಅದಿಲ್ಲ. ಮೊಣಕಾಲು ಎತ್ತಿದೆ. ರೋಲು ಜಾರಿ, ಒದ್ದೆ ಎಲೆಗಳ ಮೇಲೆ ಬಿದ್ದು, ಮದುವೆ ಮನೆಯ ಚಾಪೆ ಹಾಸಿದ ಹಾಗೆ ಬಿಚ್ಚಿಕೊಂಡು ಹೋಯಿತು.

"ಹೋಯ್ತು ಐನೂರು ರೂಪಾಯಿ" ಅಂದಳು ಮಗಳು.

ನಾಯಿ ಹಿಡಿದು ಬರುತ್ತಿದ್ದ ಮುದುಕರೊಬ್ಬರು ನಿಂತು, ಮೊದಲು ಫಿಲ್ಮು ನೋಡಿದರು, ಆಮೇಲೆ ಜರ್ಕಿನ್ನಿನ ಖಾಲಿ ತೋಳು ನೋಡಿದರು. ಮುಖ ಸಣ್ಣಗಾಯಿತು. ನಾನು ಗಾಬರಿಯಾಗಿ ಕೈ ಹೊರಗೆ ತೆಗೆದೆ. ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಸುಡೆಕ್?" ಅಂದರು. ಹೂಂ ಅಂದೆ. ಜರ್ಮನ್‌ನಲ್ಲಿ ಏನೋ ಹೇಳಿದರು, ಮಗಳು ಕನ್ನಡಕ್ಕೆ ತಂದಳು: "ಹಲ್ಲು ಉಪಯೋಗಿಸಬೇಕಿತ್ತು ಅಂತಿದಾರೆ." ನಿಜ, ಅಜ್ಜ ಮಾಡುತ್ತಿದ್ದದ್ದೂ ಹಾಗೆಯೇ. ಕ್ಯಾಮೆರಾ ತೊಡೆ ಮೇಲಿಟ್ಟುಕೊಂಡು, ಕೈ ಸಾಲದ ಕಡೆ ಹಲ್ಲು. ಅವರು ಬಗ್ಗಿ ಎಲೆ ಅಂಟಿದ ಫಿಲ್ಮನ್ನು ಸುತ್ತಿ ನನ್ನ ಕೈಗಿಟ್ಟು ಹೋದರು.

1926ರಲ್ಲಿ ಸುಡೆಕ್ ಮತ್ತೆ ಇಟಲಿಗೆ ಹೋಗಿದ್ದ. ಚೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಸ್ನೇಹಿತರು ಕಚೇರಿಗೆ ಹೊರಟಿದ್ದರು, ಜೊತೆಗೆ ಹೋದ. ಒಂದು ರಾತ್ರಿ ಕಚೇರಿಯ ನಡುವೆ ಎದ್ದು ಹೋದವನು ಹೊಲಗದ್ದೆ ಅಲೆದು, ಬೆಳಗಿನ ಜಾವ ತನಗೆ ಏಟು ಬಿದ್ದ ಜಾಗ ಹುಡುಕಿದ. ಗಾಯವಾದಾಗ ತನ್ನನ್ನು ಸಾಗಿಸಿದ್ದ ರೈತರ ಮನೆ ಇನ್ನೂ ಅಲ್ಲೇ ಇತ್ತಂತೆ. ಕೈ ಇರಲಿಲ್ಲ. ಎರಡು ತಿಂಗಳ ಮೇಲೆ ಪ್ರಾಗ್‌ಗೆ ಬಂದ. ಆಮೇಲೆ ಎಲ್ಲಿಗೂ ಹೋಗಲಿಲ್ಲ ಅಂತ ತಾನೇ ಹೇಳಿಕೊಂಡಿದ್ದಾನೆ.

ಸಂಜೆ ಚಳಿಗೆ ನಡುಗುತ್ತಾ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಹಣ್ಣಿನ ಕ್ನೆಡ್ಲಿಕಿ ತಂದಿಟ್ಟರು. ಒಳಗೆ ಇಡೀ ಪ್ಲಮ್ ಹಣ್ಣು, ಮೇಲೆ ಕರಗಿದ ಬೆಣ್ಣೆ, ಉದುರಿಸಿದ ಗಿಣ್ಣಿನಂಥ ಚೀಸು, ಸಕ್ಕರೆ. ಕಡುಬೇ ಅದು. ನಾಲ್ಕು ತಿಂದೆ. ರೂಮಿಗೆ ಬಂದು ಕಾಫಿಗೆ ನೀರು ಕಾಯಿಸಿದರೆ ಕಿಟಕಿ ಗಾಜಿಗೆಲ್ಲ ಹಬೆ. ಹೊರಗಿನ ಬೀದಿದೀಪ ಒಂದು ಹಳದಿ ಚುಕ್ಕೆಯಾಯಿತು. ಮಂಗಳವಾರ ಸಂಜೆ ಅಂದರೆ ಅಜ್ಜನ ಮನೆಯಲ್ಲಿ ಸಂಗೀತ, ಸ್ನೇಹಿತರು ಕೂತು ರೆಕಾರ್ಡ್ ಕೇಳುವುದು. ಆತನಿಗೆ ಚೆಕ್ ಸಂಗೀತಗಾರ ಯಾನಾಚೆಕ್ ಅಂದರೆ ಪ್ರಾಣ. ಮಗಳು ಫೋನಿನಲ್ಲಿ ಯಾನಾಚೆಕ್ ಹಾಕಿದಳು. ನನಗೆ ಅರ್ಥವಾಗಲಿಲ್ಲ, ಆದರೂ ಆರಿಸು ಅನ್ನಲಿಲ್ಲ.

ಬುಧವಾರ

ಕೊನೇ ದಿನ ಕೊಲೀನ್. ಪ್ರಾಗ್‌ನಿಂದ ರೈಲಿನಲ್ಲಿ ಒಂದು ಗಂಟೆಯ ಒಳಗೆ. ಸುಡೆಕ್ ಹುಟ್ಟಿದ ಊರು, 1896ರ ಮಾರ್ಚ್ 17. ಪ್ರವಾಸಿಗಳೆಲ್ಲ ಪಕ್ಕದ ಕುತ್ನಾ ಹೋರಾಕ್ಕೆ ಹೋಗುತ್ತಾರೆ, ಹಾಗಾಗಿ ಇಲ್ಲಿ ಆರಾಮ. ಕಾಫಿಯೂ ಅಗ್ಗ. ಎಲ್ಬೆ ನದಿ ಇಲ್ಲೂ ಇದೆ, ಇವರು ಲಾಬೆ ಅನ್ನುತ್ತಾರೆ. ಪೇಟೆ ಚೌಕದ ಬಣ್ಣದ ಮನೆಗಳು, ಮೇಲೆ ಸೇಂಟ್ ಬಾರ್ತಲೋಮಿಯೋ ಚರ್ಚು.

ಅಜ್ಜನ ಗೆಳೆಯ ಯಾರೊಮೀರ್ ಫುಂಕೆ ಬೆಳೆದದ್ದೂ ಇಲ್ಲೇ. ಆಗಿನ ಫೋಟೋ ಕ್ಲಬ್ಬುಗಳಿಗೆ ಚಿತ್ರ ಬಿಡಿಸಿದಂತೆ ಕಾಣುವ, ಉಜ್ಜಿ ತಿದ್ದಿದ ಫೋಟೋ ಬೇಕಿತ್ತು. ನೆಗೆಟಿವ್ ಏನು ಹೇಳುತ್ತದೋ ಅದನ್ನೇ ತೋರಿಸಬೇಕು ಅಂತ ಇವರಿಬ್ಬರ ತಕರಾರು. ಕ್ಲಬ್ಬಿನವರು ಹೊರಗೆ ಹಾಕಿದರು. ಇವರು 1924ರಲ್ಲಿ ತಮ್ಮದೇ ಸಂಘ ಕಟ್ಟಿದರು. ಫೋಟೋಗ್ರಾಫರ್‌ಗಳ ಸಂಘ ಒಡೆಯುವುದು ನಮ್ಮ ತಾಲ್ಲೂಕಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಹೊಳೆ ದಂಡೆಯಲ್ಲಿ ಮಂಜು ಬಿಟ್ಟಿರಲಿಲ್ಲ. ಮಗಳಿಗೆ ಕಾಂಟ್ಯಾಕ್ಟ್ ಪ್ರಿಂಟ್ ಅಂದರೇನು ಅಂತ ಹೇಳುತ್ತಾ ನಡೆದೆ. ಅಜ್ಜ 1940ರಲ್ಲಿ ಒಂದು ಹಳೇ ಫೋಟೋ ನೋಡಿದನಂತೆ, ಫ್ರಾನ್ಸಿನ ಶಾರ್ತ್ರ್ ಚರ್ಚಿನ ಒಂದು ವಿಗ್ರಹದ್ದು, 1900ರ ಸುಮಾರಿನದು. ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಳತೆಗೆ, ಕಾಗದಕ್ಕೆ ಒತ್ತಿ ತೆಗೆದ ಪ್ರಿಂಟು. ಕಲ್ಲಿನ ಒಂದೊಂದು ಚುಕ್ಕೆಯೂ ಇತ್ತು. ಅವತ್ತಿನಿಂದ ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಮೂಲೆಗೆ. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಕ್ಯಾಮೆರಾವನ್ನೇ ಹೊರುವುದು. ಒಂದು ಭುಜದ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಮೂವತ್ತಕ್ಕೆ ನಲವತ್ತು ಸೆಂಟಿಮೀಟರ್ ಪ್ಲೇಟಿನ ಮರದ ಡಬ್ಬಿ, ಇರುವುದು ಒಂದು ಕೈ. "ಹುಚ್ಚಾ?" ಅಂದಳು. ಇರಬಹುದು ಅಂದೆ. 1976ರ ಸೆಪ್ಟೆಂಬರ್‌ನಲ್ಲಿ, ಎಂಬತ್ತು ತುಂಬಿದ ಮೇಲೆ ಹೋದ. ಮದುವೆ ಆಗಿರಲಿಲ್ಲ. ಮಾತಿನ ಕೊನೆಗೆ ಆತ ಹೇಳುತ್ತಿದ್ದ ಮಾತೊಂದಿದೆ, "ಆ ಹುಡ್ಬಾ ಹ್ರಾಯೆ". ಮತ್ತೆ ಸಂಗೀತ ನಡೀತಾ ಇದೆ, ಅಂತ. ಮಗಳು ರೈಲು ತಪ್ಪಿದಾಗ ಅದನ್ನೇ ಹೇಳಿದಳು.

ಊರಿಗೆ ಬಂದು ವಾರದ ಮೇಲೆ ಡಾರ್ಕ್‌ರೂಮಿನ ಧೂಳು ಹೊಡೆದು ರೋಲುಗಳನ್ನು ತೊಳೆದೆ. ಚರ್ಚಿನದು ಎರಡೂ ಅಲ್ಲಾಡಿದ್ದವು. ಹಿತ್ತಲಿನ ಕಿಟಕಿಯಲ್ಲಿ ಹೊದಿಕೆ ನೇತಾಡುತ್ತಿದ್ದದ್ದು ಮಾತ್ರ ಚೆನ್ನಾಗಿ ಬಂದಿತ್ತು. ಬಟ್ಟೆಯ ಹೊಲಿಗೆ ಕೂಡ ಎಣಿಸಬಹುದು. ಗಾಜಿನ ಕೆಳಗೆ ಒತ್ತಿ ಕಾಂಟ್ಯಾಕ್ಟ್ ತೆಗೆದೆ. ಎರಡೂಕಾಲು ಇಂಚು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ತಮ್ಮನ ಮಗ ಬಗ್ಗಿ ನೋಡಿದ.

"ದೊಡ್ಡಪ್ಪ, ಸ್ಕ್ಯಾನ್ ಮಾಡಿ ಹನ್ನೆರಡು ಹದಿನೆಂಟಕ್ಕೆ ಹಾಕಿಕೊಡ್ಲಾ?"

"ಬೇಡ ಕಣೋ. ಕನ್ನಡಕ ಹಾಕ್ಕೊಂಡು ನೋಡು."